ಕ್ರಯಪತ್ರದೊಳಗಿನ ಬಾವಿ

ಬರೆಯದೆ ಸುಮಾರು ದಿನ ಆಯ್ತು. ಚನ್ನಪಟ್ಟಣದ ನಮ್ಮ ಹಳೇ ಮನೆಯನ್ನು ಮಾರುವ ಓಡಾಟದಲ್ಲಿದ್ದೆ. ಆ ನೆಪದಲ್ಲಿ ಒಂದಷ್ಟು ಹಳೇ ಕಾಗದ, ಹಳೇ ಕಾನೂನು, ಹಳೇ ಪುಸ್ತಕ ತಿರುವಿ ಹಾಕಿದೆ. ಕೊಳ್ಳುವ ಮುಂಚೆ ಮನೆಯನ್ನು ಸರಿಯಾಗಿ ಪರೀಕ್ಷೆ ಮಾಡಿಸುವ ಪದ್ಧತಿ ನಮ್ಮ ಕಡೆ ಇತ್ತಾ, ಇದ್ದರೆ ಹೇಗಿತ್ತು ಅನ್ನೋ ಪ್ರಶ್ನೆ ತಲೆಗೆ ಹೊಕ್ಕಿದ್ದು ಹಾಗೆ. ಸ್ವಲ್ಪ ಉದ್ದದ ಬರಹ. ಕಾಫಿ ಮಾಡಿಕೊಂಡು ಬಂದು ಕೂತ್ಕೊಳ್ಳಿ :)

ಶುರುವಾಗಿದ್ದು ಅಮ್ಮನ ಟ್ರಂಕಿನಿಂದ. ಬ್ರೋಕರ್ ಮೂಲ ಪತ್ರ ಬೇಕು ಅಂದಿದ್ದ. ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ, 1958ರಲ್ಲಿ ತಾತ ಮನೆ ಕೊಂಡಾಗ ಬರೆಸಿದ ಕ್ರಯಪತ್ರ ಸಿಕ್ಕಿತು. ಛಾಪಾ ಕಾಗದ ಮಡಿಕೆ ಮಡಿಕೆಯಲ್ಲೇ ಹರಿದು ನಾಲ್ಕು ಚೂರಾಗಿತ್ತು. ಮೋಡಿ ಅಲ್ಲದಿದ್ದರೂ ಮೋಡಿಯಷ್ಟೇ ಕಷ್ಟದ ಅಕ್ಷರ. ಕೊನೆಯಲ್ಲಿ ಸಾಕ್ಷಿಗಳ ರುಜು, ಹೆಬ್ಬೆಟ್ಟು, ಪಕ್ಕದಲ್ಲಿ 'ಬಿಕ್ಕಲಂ' ಅಂತ ಬರೆದವನ ಹೆಸರು.

ಓದ್ತಾ ಹೋದ ಹಾಗೆ ಇದು ಬರೀ ಮಾರಾಟದ ಕಾಗದ ಅಲ್ಲ ಅನ್ನಿಸಿತು. ಮನೆಯ ಪೂರ್ತಿ ವರ್ಣನೆ ಅದರಲ್ಲಿತ್ತು. ಹತ್ತು ಅಂಕಣದ ನಾಡಹೆಂಚಿನ ಮನೆ. (ಅಂಕಣ ಅಂದ್ರೆ ಎರಡು ಕಂಬದ ಸಾಲಿನ ನಡುವಿನ ಜಾಗ. ಚದರ ಬರುವ ಮುಂಚೆ ನಮ್ಮ ಕಡೆ ಮನೆ ಎಷ್ಟು ದೊಡ್ಡದು ಅಂತ ಹೇಳ್ತಿದ್ದದ್ದು ಅಂಕಣದ ಲೆಕ್ಕದಲ್ಲೇ.) ಬಾಗಿಲು ಎಷ್ಟು, ಕಿಟಕಿ ಎಷ್ಟು, ಮುಂದೆ ಜಗಲಿ, ಪಶ್ಚಿಮದ ಗೋಡೆ ಮಣ್ಣಿನದು, ಹಿತ್ತಲಲ್ಲಿ ತೆಂಗಿನ ಮರ ಎರಡು, ಸೇದುವ ಬಾವಿ ಒಂದು.

ಬಾವಿ?

ತೆಂಗಿನ ಮರ ಒಂದು ಈಗಲೂ ಇದೆ. ಬಾವಿಯನ್ನು ನಾನು ನೋಡಿಯೇ ಇಲ್ಲ.

"ಅಮ್ಮಾ, ನಮ್ಮನೇಲಿ ಬಾವಿ ಇತ್ತಾ?" ಅಂದೆ.

ಅಮ್ಮ ಅವರೆಕಾಯಿ ಸುಲೀತಾ ಇದ್ರು. ತಲೆ ಎತ್ತಲಿಲ್ಲ. "ನೀನು ಹುಟ್ಟೋಕೆ ಮುಂಚೆ ಮುಚ್ಚಿಸಿದ್ರು ಕಣೋ. ಬೀದಿ ನಲ್ಲಿ ಬಂತಲ್ಲ, ಅದಕ್ಕೆ. ಹಿಂದಿನ ರೂಮು ಅದರ ಮೇಲೇ ಕಟ್ಟಿರೋದು."

ಆ ಹಿಂದಿನ ರೂಮಿನ ಮೂಲೆಯಲ್ಲಿ ಒಂದು ಬಿರುಕು. ನಾನು ಕಂಡ ಹಾಗೆ ಅಪ್ಪ ಪ್ರತಿ ಯುಗಾದಿಗೂ ಅದಕ್ಕೆ ಸಿಮೆಂಟು ಮೆತ್ತಿ ಸುಣ್ಣ ಹೊಡೆಸುತ್ತಿದ್ದರು. ದೀಪಾವಳಿ ಹೊತ್ತಿಗೆ ಅದು ಮತ್ತೆ ಹಾಜರು. ಈ ಸಲ ಮಾರೋದಿದೆ ಅಂತ ಚಿಕ್ಕಪ್ಪ ಪುಟ್ಟಿ ಹಾಕಿಸಿ, ತಿಳಿ ಹಳದಿ ಪೇಂಟ್ ಹೊಡೆಸಿದ್ದರು. ಮನೆಗೆ ಹೊಸ ಮದುಮಗಳ ಕಳೆ ಬಂದಿತ್ತು.

ನನ್ನ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ಬಾವಿಯ ವಿಷಯ ಗೊತ್ತಿದ್ದವರು ಅಮ್ಮ, ಚಿಕ್ಕಪ್ಪ, ಈಗ ನಾನು. ಕೊಳ್ಳೋಕೆ ಬಂದಿದ್ದವರಿಗೆ ಗೊತ್ತಿರಲಿಲ್ಲ.

*

ಹಳೇ ಪತ್ರದಲ್ಲಿ ಇನ್ನೊಂದು ಸಾಲಿತ್ತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ಸಹಿತ ಮಾರಿದ್ದೇನೆ ಅಂತ. ಶಾಸನ ಓದುವ ಹವ್ಯಾಸ ಇರೋರಿಗೆ ಇದು ತೀರಾ ಪರಿಚಿತ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ 1905ರಲ್ಲಿ ಬಂತು. ಚನ್ನಪಟ್ಟಣ, ಮಾಗಡಿ, ಆಗಿನ ಕ್ಲೋಸ್‌ಪೇಟೆಯಾದ ರಾಮನಗರ, ಆಗಿನ ಕಾನಕಾನಹಳ್ಳಿಯಾದ ಕನಕಪುರ, ನಾಲ್ಕೂ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಕಲ್ಲಿನ ಮೇಲಿದ್ದ ಆ ಭಾಷೆ ನಮ್ಮ ತಾತನ ಛಾಪಾ ಕಾಗದದವರೆಗೂ ನಡೆದುಕೊಂಡು ಬಂದಿದೆ ನೋಡಿ! ಅದರಲ್ಲಿ ಜಲ ಅಂದ್ರೆ ಆ ನೆಲದ ನೀರು, ಪಾಷಾಣ ಅಂದ್ರೆ ಅಲ್ಲಿನ ಕಲ್ಲು. ನೆಲದ ಮೇಲೆ ಕಾಣುವುದರ ಜೊತೆಗೆ ಒಳಗೆ ಅಡಗಿರುವುದೂ ಕೊಳ್ಳುವವನಿಗೇ ಸೇರುತ್ತದೆ ಅಂತ ಅದರ ತಾತ್ಪರ್ಯ. ಬರೆದವರ ಮನಸ್ಸಿನಲ್ಲಿ ನಿಧಿ ಇತ್ತೇನೋ. ನಮ್ಮನೆಯಲ್ಲಿ ಅಡಗಿದ್ದದ್ದು ಮುಚ್ಚಿದ ಬಾವಿ.

ಪತ್ರದ ತಲೆಯಲ್ಲಿ 'ಮೈಸೂರು ರಾಜ್ಯ, ಬೆಂಗಳೂರು ಜಿಲ್ಲೆ' ಅಂತಿತ್ತು. 1973ರಲ್ಲಿ ರಾಜ್ಯ ಕರ್ನಾಟಕ ಆಯ್ತು. 1986ರಲ್ಲಿ ನಮ್ಮ ತಾಲ್ಲೂಕು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಹೋಯ್ತು, 2007ರಲ್ಲಿ ರಾಮನಗರ ಜಿಲ್ಲೆಗೆ ಬಂತು. 2025ರಲ್ಲಿ ಆ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಅಂತಾಯ್ತು. ಮನೆ ಇದ್ದಲ್ಲೇ ಕೂತು ಇಷ್ಟೆಲ್ಲ ಊರು ಸುತ್ತಿತು. ಕಾಗದ ಪ್ರತಿ ಸಲ ಸರಿಯಾಗಿ ತಿದ್ದಿಕೊಂಡು ಬಂತು. ಬಾವಿ ಮುಚ್ಚಿದ್ದನ್ನು ಮಾತ್ರ ಯಾವ ಕಾಗದವೂ ಬರೆದುಕೊಳ್ಳಲಿಲ್ಲ.

*

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅನ್ನೋ ಗಾದೆ ಎಲ್ಲರಿಗೂ ಗೊತ್ತು. 'ಮನೆ ಕೊಂಡು ನೋಡು' ಅಂತ ಯಾಕೆ ಯಾರೂ ಹೇಳಲಿಲ್ಲ? ನನಗನ್ನಿಸೋದು, ಮನೆ ಅನ್ನೋದು ಕಟ್ಟುವ ವಸ್ತು ಅಥವಾ ಅಪ್ಪನಿಂದ ಬರುವ ವಸ್ತುವಾಗಿತ್ತು. ಅಂಗಡಿ ಸಾಮಾನಿನ ಹಾಗೆ ಕೈ ಬದಲಾಗುವ ವಸ್ತು ಆಗಿರಲಿಲ್ಲ.

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸಲು ಎಷ್ಟು ದಿನ ಅವಕಾಶ ಅಂತ ಒಂದು ಪಟ್ಟಿ ಇದೆ. ಕಬ್ಬಿಣಕ್ಕೆ ಒಂದು ದಿನ, ಕರೆಯುವ ಹಸುವಿಗೆ ಮೂರು ದಿನ, ಹೇರು ಹೊರುವ ಎತ್ತಿಗೆ ಐದು, ರತ್ನಕ್ಕೆ ಏಳು, ಬಿತ್ತನೆ ಬೀಜಕ್ಕೆ ಹತ್ತು ದಿನ. ದಾಸನಿಗೆ ಅರ್ಧ ತಿಂಗಳು, ದಾಸಿಗೆ ಒಂದು ತಿಂಗಳು ಅಂತಲೂ ಇದೆ. ಮನುಷ್ಯರನ್ನೂ ಪರೀಕ್ಷೆ ಮಾಡಿ ಕೊಳ್ಳುತ್ತಿದ್ದ ಕಾಲ ಅದು, ಓದುವಾಗ ಮೈ ಜುಮ್ಮೆನ್ನುತ್ತೆ. ಇಷ್ಟೆಲ್ಲ ಇರುವ ಪಟ್ಟಿಯಲ್ಲಿ ಮನೆ ಇಲ್ಲ.

ಹಾಗಂತ ಮನೆ, ನೆಲದ ಮಾರಾಟಕ್ಕೆ ಕಟ್ಟುಪಾಡು ಇರಲಿಲ್ಲ ಅಂತಲ್ಲ. ಅರ್ಥಶಾಸ್ತ್ರದ ಪ್ರಕಾರ ಮೊದಲ ಹಕ್ಕು ನೆಂಟರಿಗೆ, ಆಮೇಲೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ. ಮಾರುವ ಮನೆಯ ಮುಂದೆಯೇ ನೆರೆಯ ನಲವತ್ತು ಮನೆತನದವರ ಎದುರು ಸಾರಿ ಹೇಳಬೇಕು. ಸುಮಾರು 1100ರ ಹೊತ್ತಿಗೆ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲೂ ನೆಲ ಕೈ ಬದಲಾಗಬೇಕಾದರೆ ಊರವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಒಪ್ಪಬೇಕು ಅನ್ನುವ ಮಾತು ಬರುತ್ತೆ. ಊರಿನ ಒಪ್ಪಿಗೆ ಯಾಕೆ? ವಿಷಯ ಎಲ್ಲರಿಗೂ ಗೊತ್ತಾಗಲಿ ಅಂತ. ನೆರೆಯವರ ಒಪ್ಪಿಗೆ ಯಾಕೆ? ಗಡಿ ತಗಾದೆ ಬರದಿರಲಿ ಅಂತ.

ಇದನ್ನೋದಿದಾಗ ನನಗೆ ಹೊಳೆದದ್ದು: ನೆರೆಯವರೇ ಆಗಿನ ತಪಾಸಣೆಗಾರರು! ಎಲ್ಲಿ ಬಾವಿ ಇತ್ತು, ಯಾವ ಗೋಡೆ ಯಾವ ಮಳೆಗೆ ಬಿತ್ತು, ಯಾವ ತೊಲೆಗೆ ಗೆದ್ದಲು ಹತ್ತಿತ್ತು ಅಂತ ಪಕ್ಕದ ಮನೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ನಲವತ್ತು ಮನೆಯವರ ಎದುರು ಪುಟ್ಟಿ ಹಾಕಿ ಬಿರುಕು ಮುಚ್ಚೋಕೆ ಆಗುತ್ತಾ?

ನಮ್ಮ ಅಜ್ಜಿಯರ ಕಾಲದಲ್ಲೂ ಇದರ ಒಂದು ತುಣುಕು ಉಳಿದಿತ್ತು. "ಆ ಮನೆ ಅವರಿಗೆ ಆಗಿಬರಲಿಲ್ಲ" ಅನ್ನೋರು. ಯಾರಿಗೋ ಕೆಮ್ಮು ಬಿಡಲಿಲ್ಲ, ಮಗು ಸೊರಗಿತು, ಬಾಣಂತಿ ಏಳಲಿಲ್ಲ. ಆಯ ಸರಿಯಿಲ್ಲ, ಗಾಳಿ ಇದೆ ಅಂತ ಕಾರಣ ಹೇಳೋರು. ಅದರಲ್ಲಿ ಎಷ್ಟು ಮನೆಗಳಲ್ಲಿ ನಿಜವಾದ ಕಾರಣ ತೇವ ಹಿಡಿದ ಗೋಡೆಯೋ, ಬೆಳಕಿಲ್ಲದ ಕೋಣೆಯೋ ಇತ್ತೋ ಏನೋ. ಕಾರಣ ತಪ್ಪಿದ್ದರೂ ಎಚ್ಚರಿಕೆ ಊರೆಲ್ಲ ತಲುಪುತ್ತಿತ್ತು.

*

ಸರ್ಕಾರದವರು ಮನೆಯೊಳಗೆ ಬಂದು ತಪಾಸಣೆ ಮಾಡಿದ್ದು ನಮ್ಮ ಕಡೆಯ ಜನರ ನೆನಪಿನಲ್ಲಿ ಉಳಿದಿರೋದು ಪ್ಲೇಗಿನ ಕಾಲದಲ್ಲಿ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅದಕ್ಕೆ ಒಂದು ವರ್ಷ ಮುಂಚೆ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿದ್ದರು. ಅಧಿಕಾರಿಗಳು ಮನೆ ಹೊಕ್ಕು ನೋಡೋದು, ಔಷಧಿ ಹೊಡೆಸೋದು, ಜನರನ್ನು ಊರಾಚೆ ಗುಡಿಸಲಿಗೆ ಕಳಿಸೋದು. ಜನ ಹೆದರಿದರು, ಕಾಯಿಲೆ ಮುಚ್ಚಿಟ್ಟರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಆದರೆ ಗಾಳಿ ಬೆಳಕು ಇಲ್ಲದ ಮನೆ ಅಪಾಯ ಅನ್ನೋದು ಆಡಳಿತದ ತಲೆಗೆ ಗಟ್ಟಿಯಾಗಿ ಕೂತದ್ದು ಆಗಲೇ. 1903ರಲ್ಲಿ ಮೈಸೂರಿನಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿದ್ದಕ್ಕೂ ಈ ಪಾಠದ ಹಿನ್ನೆಲೆ ಇದೆ. ಆದರೂ ಅದು ಊರಿನ ಆರೋಗ್ಯಕ್ಕಾಗಿ ನಡೆದ ತಪಾಸಣೆ. ಕೊಳ್ಳುವವನ ಪರವಾಗಿ ಬಂದು ಗೋಡೆ ತಟ್ಟಿ ನೋಡುವ ಅಧಿಕಾರಿ ಆಗಲೂ ಬರಲಿಲ್ಲ, ಈಗಲೂ ಇಲ್ಲ.

ಈಗ ನಾವು ಏನು ನೋಡ್ತೀವಿ? ಇಸಿ ನೋಡ್ತೀವಿ. ಋಣಭಾರ ಇದ್ದರೆ ಫಾರಂ 15, ಇಲ್ಲದಿದ್ದರೆ 16. ಖಾತೆ, ಕಂದಾಯದ ರಸೀದಿ, ವಂಶವೃಕ್ಷ. ಹಳ್ಳಿಯ ಸ್ವತ್ತಿಗೆ 2013ರಿಂದ ಇ-ಸ್ವತ್ತು ಬಂತು, ನೋಂದಣಿಗೆ 2023ರಲ್ಲಿ ಕಾವೇರಿ 2.0 ಬಂತು. ಬ್ಯಾಂಕ್ ಸಾಲ ಅಂದರೆ ವಕೀಲರು ಕಾಗದ ನೋಡ್ತಾರೆ, ವ್ಯಾಲ್ಯೂಯರ್ ಬಂದು ಅಳತೆ ಹಿಡಿದು ಬೆಲೆ ಕಟ್ತಾರೆ. ಇದೆಲ್ಲ ಬೇಕು, ಬೇಡ ಅನ್ನಲ್ಲ. ಮೋಸದ ಮಾರಾಟ ಎಷ್ಟು ಸಂಸಾರ ಹಾಳು ಮಾಡಿದೆ ಅಂತ ನಮಗೆಲ್ಲ ಗೊತ್ತು. ಆದರೆ ಇಸಿಯಲ್ಲಿ ಸೋರುವ ಸೂರು ಕಾಣಲ್ಲ. ಈಗಿನ ಕ್ರಯಪತ್ರದ ಷೆಡ್ಯೂಲಿನಲ್ಲಿ ಮನೆಯ ಬಗ್ಗೆ ಇರೋದು ಒಂದೇ ಸಾಲು: ಆರ್‌ಸಿಸಿ ಚಾವಣಿ, ರೆಡ್ ಆಕ್ಸೈಡ್ ನೆಲ, ಜಂಗಲ್ ವುಡ್ ಬಾಗಿಲು. ನೆಲಕ್ಕೆ ಗ್ರಾನೈಟ್ ಹಾಕಿಸಿ, ಬಾಗಿಲಿಗೆ ತೇಗ ಹಾಕಿಸಿದ ಮನೆಗೂ ಅದೇ ಸಾಲು ಅಂಟಿಸಿರೋದನ್ನ ನೀವೂ ನೋಡಿರ್ತೀರಿ! ಬಾಗಿಲು, ಕಿಟಕಿ, ಬಾವಿ, ಮರ ಎಣಿಸಿ ಬರೆದ 1958ರ ಆ ಗುಮಾಸ್ತನ ಮುಂದೆ ನಾವು ಹಿಂದೆ ಬಿದ್ದಿದ್ದೇವೆ ಅನ್ನಿಸಲ್ವಾ?

ಕಾನೂನು ಮಾತ್ರ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ಕಾಣದ ದೊಡ್ಡ ದೋಷ ಇದ್ದರೆ ಮಾರುವವನು ಹೇಳಲೇಬೇಕು. ಬೇರೆ ಕರಾರು ಇಲ್ಲದಿದ್ದರೆ ಇದೇ ನಿಯಮ. ಹೇಳದೆ ಬಿಟ್ಟರೆ ಅದು ವಂಚನೆ ಅಂತ ಅದೇ ಸೆಕ್ಷನ್ ಹೇಳುತ್ತೆ. ಅಂದ್ರೆ ಕಣ್ಣಿಗೆ ಕಾಣುವ ದೋಷಕ್ಕೆ ಕೊಳ್ಳುವವನ ಕಣ್ಣು ಹೊಣೆ, ಮುಚ್ಚಿಹೋದ ದೋಷಕ್ಕೆ ಮಾರುವವನ ಬಾಯಿ ಹೊಣೆ. 2016ರ ರೇರಾ ಕಾಯ್ದೆ ಬಂದ ಮೇಲೆ ಹೊಸ ಕಟ್ಟಡಗಳಲ್ಲಿ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರೇ ಸರಿ ಮಾಡಿಕೊಡಬೇಕು. ನಮ್ಮಂಥ ಹಳೇ ಮನೆಗೆ ಅದು ಅನ್ವಯಿಸಲ್ಲ. ನಮಗೆ ಉಳಿದಿರೋದು ಆ 55ನೇ ಸೆಕ್ಷನ್ನು, ಮತ್ತೆ ನಮ್ಮ ಮನಸ್ಸಾಕ್ಷಿ.

*

ಅಮೆರಿಕದಲ್ಲಿರೋ ಅತ್ತೆ ಮಗಳಿಗೆ ಫೋನಿನಲ್ಲಿ ಈ ವಿಷಯ ಹೇಳಿದೆ. "ಇನ್‌ಸ್ಪೆಕ್ಷನ್ ಮಾಡಿಸದೆ ಅಲ್ಲಿ ಮನೆ ತಗೋತಾರಾ?" ಅಂತ ಅವಳಿಗೆ ಆಶ್ಚರ್ಯ. ಅವಳ ಮನೆಗೆ ಕೊಳ್ಳುವ ಮುಂಚೆ ಒಬ್ಬ ಬಂದು ಸೂರಿನಿಂದ ಚರಂಡಿವರೆಗೆ ನೋಡಿ, ಫೋಟೋ ಹಾಕಿ ವರದಿ ಕೊಟ್ಟನಂತೆ. ಅಲ್ಲೂ ಇದು ತೀರಾ ಹಳೆಯದೇನಲ್ಲ. ಮನೆ ತಪಾಸಣೆ ಮಾಡುವವರ ಅಲ್ಲಿನ ಸಂಘ ಶುರುವಾಗಿದ್ದು 1976ರಲ್ಲಿ.

ಅದೇ ವರ್ಷ ಕ್ಯಾಲಿಫೋರ್ನಿಯಾದ ಡಯಾಬ್ಲೋ ಅನ್ನುವ ಊರಿನಲ್ಲಿ ಒಬ್ಬರು ಒಂದು ಮನೆ ಕೊಂಡರು. ಸರಿಯಾಗಿ ದಮ್ಮಸು ಮಾಡದೆ ತುಂಬಿದ ಮಣ್ಣಿನ ಮೇಲೆ ಕಟ್ಟಿದ ಮನೆ ಅದು. ಸ್ವಲ್ಪ ದಿನಕ್ಕೇ ನೆಲ ಜಾರಿ ಮನೆ ಹಾಳಾಯ್ತು. ಹಿಂದೆ ಜಾರಿದ್ದು ಮಾರಿದವರಿಗೆ ಗೊತ್ತಿತ್ತು, ಹೇಳಿರಲಿಲ್ಲ. ಮಧ್ಯವರ್ತಿಗಳು ನೆಲ ಏರುಪೇರಾಗಿರೋದನ್ನ ಕಂಡೂ ಪರೀಕ್ಷೆ ಮಾಡಿಸಿರಲಿಲ್ಲ. 'ಈಸ್ಟನ್ ವಿರುದ್ಧ ಸ್ಟ್ರಾಸ್‌ಬರ್ಗರ್' ಅಂತ ಹೆಸರಾದ ಆ ಮೊಕದ್ದಮೆಯಲ್ಲಿ 1984ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಮಧ್ಯವರ್ತಿಗಳೂ ಹೊಣೆ ಅಂದಿತು. 1987ರಿಂದ ಅಲ್ಲಿ ಮಾರುವವರು ಮನೆಯ ದೋಷಗಳನ್ನು ಲಿಖಿತವಾಗಿ ತಿಳಿಸೋದು ಕಡ್ಡಾಯ ಆಯ್ತು.

ತುಂಬಿದ ಮಣ್ಣು. ಜಾರುವ ನೆಲ. ಗೊತ್ತಿದ್ದೂ ಹೇಳದವರು. ರಾತ್ರಿ ನಿದ್ದೆ ಬರಲಿಲ್ಲ ನೋಡಿ.

*

ಚಿಕ್ಕಪ್ಪನ ಹತ್ತಿರ ಮಾತೆತ್ತಿದೆ. "ಅವ್ರು ನೋಡ್ಕೊಂಡು ತಾನೇ ತಗೋತಿರೋದು? ನಾವೇನು ಕಣ್ಣು ಕಟ್ಟಿದ್ದೀವಾ?" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗಳ ಮದುವೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ, ಈ ದುಡ್ಡಿನ ಮೇಲೇ ಅವರ ಕಣ್ಣು. "ನಲವತ್ತು ವರ್ಷದ ಮೇಲಾಯ್ತು, ಬಿದ್ದಿದ್ಯಾ ರೂಮು? ಸುಮ್ನೆ ಇರೋ ಮಾರಾಯಾ" ಅಂದರು.

ಅಮ್ಮ ಒಂದೇ ಮಾತು ಹೇಳಿದರು. "ಆ ರೂಮಲ್ಲಿ ಅವ್ರು ಮಗು ಮಲಗಿಸ್ತಾರಂತೆ ಕಣಪ್ಪ."

ಕೊಳ್ಳುವವರು ಕನಕಪುರದ ಕಡೆಯವರು, ರಾಮನಗರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದರಲ್ಲಿ ಕೆಲಸ. ಮಾರನೇ ದಿನ ಕರೆಸಿ, ಹಳೇ ಪತ್ರ ತೋರಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮಾಗಡಿ ಮಾವ ಮೇಸ್ತ್ರಿ ಸಾರ್, ಒಂದ್ಸಲ ಕರ್ಕೊಂಡ್ ಬರ್ಲಾ?" ಅಂದರು.

ಈಗ ಬೆಂಗಳೂರಿನಲ್ಲಿ ದುಡ್ಡು ತಗೊಂಡು ಮನೆ ಪರೀಕ್ಷೆ ಮಾಡಿಕೊಡುವವರಿದ್ದಾರೆ. ತೇವ ಅಳೆಯುವ ಯಂತ್ರ, ಶಾಖ ತೋರಿಸುವ ಕ್ಯಾಮೆರಾ ಎಲ್ಲ ತರ್ತಾರೆ. ಮಾಗಡಿ ಮೇಸ್ತ್ರಿ ತಂದದ್ದು ರಸಮಟ್ಟ, ಗುಂಡು ಕಟ್ಟಿದ ದಾರ, ಒಂದು ರೂಪಾಯಿ ನಾಣ್ಯ. ನಾಣ್ಯದಿಂದ ಗಾರೆ ತಟ್ಟುತ್ತಾ ಬಂದರು. ಗಟ್ಟಿ ಇದ್ದ ಕಡೆ ಒಂದು ಸದ್ದು, ಪೊಳ್ಳು ಇದ್ದ ಕಡೆ ಇನ್ನೊಂದು. ತೊಲೆಗೆ ಮೊಳೆ ಚುಚ್ಚಿ ಗೆದ್ದಲು ನೋಡಿದರು. ನೆಲಕ್ಕೆ ಒಂದು ಚೊಂಬು ನೀರು ಸುರಿದರು. ನೀರು ಸೀದಾ ಬಿರುಕಿನ ಮೂಲೆಗೆ ಓಡಿತು. ಚಿಕ್ಕಪ್ಪ ಹಾಕಿಸಿದ್ದ ಪುಟ್ಟಿಯನ್ನು ಉಗುರಲ್ಲಿ ಕೆರೆದು ನಕ್ಕರು.

"ಈ ನೆಲ ಗಟ್ಟಿ ನೆಲ ಸಾಮಿ, ನಮ್ಮ ಕಡೇದು ಬಂಡೆ" ಅಂದರು. ನಿಜ. ರಾಮನಗರದ ಹಳೇ ಹೆಸರಿನಿಂದಲೇ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಕರೆಯುವ ಕಲ್ಲು, ಸುಮಾರು 250 ಕೋಟಿ ವರ್ಷ ಹಳೆಯದು. "ನೀವು ತೋಡಿ ತುಂಬಿರೋದು ಗಟ್ಟಿ ಇಲ್ಲ, ಅಷ್ಟೇ."

ಆಮೇಲೆ ಮೈದಾ ಅಂಟು ಮಾಡಿ, ಬಿರುಕಿಗೆ ಅಡ್ಡಲಾಗಿ ಮೂರು ಕಡೆ ಕಾಗದದ ಪಟ್ಟಿ ಅಂಟಿಸಿ, ಪ್ರತಿಯೊಂದರ ಮೇಲೂ ತಾರೀಖು ಬರೆದರು. "ಒಂದು ಮಳೆಗಾಲ ನೋಡಿ. ಪಟ್ಟಿ ಹರಿದ್ರೆ ಗೋಡೆ ಇನ್ನೂ ನಡೀತಾ ಇದೆ ಅಂತ. ಹರೀದಿದ್ರೆ ಕೂತಿದೆ ಅಂತ."

ಯಾಜ್ಞವಲ್ಕ್ಯ ಬಿಟ್ಟುಹೋಗಿದ್ದ ಸಾಲು ನನಗೆ ಸಿಕ್ಕಿದ್ದು ಅಲ್ಲಿ! ಕಬ್ಬಿಣಕ್ಕೆ ಒಂದು ದಿನ, ಹಸುವಿಗೆ ಮೂರು ದಿನ, ಮನೆಗೆ ಒಂದು ಮಳೆಗಾಲ.

ಎರಡು ಪಟ್ಟಿ ಹರಿದವು. ಒಂದು ಉಳಿಯಿತು.

ಮೇಸ್ತ್ರಿ ಲೆಕ್ಕ ಹಾಕಿಕೊಟ್ಟರು. ಹಿಂದಿನ ರೂಮಿನ ಗೋಡೆ ಇಳಿಸಿ, ಬಾವಿ ತುಂಬಿದ್ದನ್ನು ತೋಡಿ, ಕಲ್ಲು ಮರಳು ಹಾಕಿ ದಮ್ಮಸು ಮಾಡಿ, ಮತ್ತೆ ಕಟ್ಟೋಕೆ ಆಗುವ ಖರ್ಚು. ಅಷ್ಟನ್ನು ಬೆಲೆಯಲ್ಲಿ ಮುರಿದುಕೊಂಡೆವು. "ಅವನ ಪಾಲಿಗೆ ಕೈ ಹಾಕಬೇಡ, ನಮ್ಮದರಲ್ಲಿ ಕಳಿ" ಅಂತ ಅಮ್ಮ ಹೇಳಿದ್ದರಿಂದ ನಷ್ಟ ನಮ್ಮ ಪಾಲಿಗೇ ಬಂತು. ಸಣ್ಣ ಮೊತ್ತ ಏನಲ್ಲ. ಚಿಕ್ಕಪ್ಪ ಹಬ್ಬಕ್ಕೆ ಬರಲಿಲ್ಲ. ಬರ್ತಾರೆ, ಸ್ವಲ್ಪ ದಿನ ಹೋಗಲಿ.

ಪತ್ರ ಬರೆಸುವಾಗ ಷೆಡ್ಯೂಲಿನಲ್ಲಿ ಇನ್ನೊಂದು ಸಾಲು ಸೇರಿಸಿ ಅಂದೆ. ಹಿಂದಿನ ರೂಮಿನ ಕೆಳಗೆ ಮುಚ್ಚಿದ ಬಾವಿ ಇರುತ್ತದೆ, ಈ ವಿಷಯವನ್ನು ಖರೀದಿದಾರರಿಗೆ ತಿಳಿಸಿರುತ್ತೇವೆ ಅಂತ. ಪತ್ರ ಬರೆಯುವವರು ಕನ್ನಡಕ ಮೇಲೆತ್ತಿ ನೋಡಿ, "ಇದನ್ನೆಲ್ಲ ಯಾರೂ ಹಾಕ್ಸಲ್ಲ ಸಾರ್" ಅಂದರು. "ಹಾಕಿ ಸಾರ್, ಹಿಂದೆ ಹಾಕ್ತಿದ್ರು" ಅಂದೆ.

1958ರಲ್ಲಿ ಪತ್ರದಲ್ಲಿದ್ದ ಬಾವಿ ಮತ್ತೆ ಪತ್ರಕ್ಕೆ ಬಂತು.

ನಿಮ್ಮ ಮನೆಗಳ ಹಳೇ ಕ್ರಯಪತ್ರ ಟ್ರಂಕಿನಲ್ಲೋ ಬೀರುವಿನಲ್ಲೋ ಇದ್ದರೆ ಒಂದ್ಸಲ ತೆಗೆದು ಓದಿ. ಅದರಲ್ಲಿ ಇದ್ದು ಈಗ ಇಲ್ಲದ್ದು ಏನು ಸಿಕ್ಕಿತು ಅಂತ ಹೇಳ್ತೀರಲ್ಲ?